ಬ್ರೇಕ್ ಆಯಿಲ್ ಇಳಿದಿದೆಯೆಂದು ಸುರಿಯುವ ಮೊದಲು

ಮಳೆಗಾಲಕ್ಕೆ ಮುಂಚೆ ಜೀಪ್, ಪಿಕಪ್ ಸರ್ವಿಸ್ ಮಾಡಿಸುವವರು ನಮ್ಮ ಗುಂಪಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಅದೇ ಗುಂಪಿನ ಸದಸ್ಯರೂ ಕುಶಾಲನಗರದ ಗ್ಯಾರೇಜ್ ಮೆಕ್ಯಾನಿಕರೂ ಆದವರು ಕೊಟ್ಟ ಉತ್ತರಗಳು.

ಪ್ರಶ್ನೆ (ಸಿದ್ದಾಪುರದ ಕಾಫಿ ಬೆಳೆಗಾರರು): ತೋಟದ ಪಿಕಪ್ ಅನ್ನು ಪ್ರತಿ ಮೇ ತಿಂಗಳು ಸರ್ವಿಸ್‌ಗೆ ಬಿಡುತ್ತೇನೆ. ಈ ಸಲ ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ಗೆರೆಗೆ ಬಂದಿದೆ. ಹೋದ ವರ್ಷವೂ ಹೀಗೇ ಆಗಿತ್ತು. ಹುಡುಗ ಟಿನ್ ತಂದು ಮೇಲಿನ ಗೆರೆಯವರೆಗೆ ತುಂಬಿಸಿಕೊಟ್ಟ. ಶೆಡ್ಡಿನ ನೆಲದಲ್ಲಿ ಸೋರಿದ ಗುರುತಿಲ್ಲ. ಈಗಲೂ ತುಂಬಿಸಿದರೆ ಸಾಕಲ್ಲವೇ?

ಉತ್ತರ: ಸಾಲದು ಸರ್. ಎಂಜಿನ್ ಆಯಿಲ್ ಸ್ವಲ್ಪ ಉರಿದು ಹೋಗುವುದುಂಟು, ಬ್ರೇಕ್ ಆಯಿಲ್‌ಗೆ ಹಾಗೆ ಖರ್ಚಾಗುವ ದಾರಿಯೇ ಇಲ್ಲ. ಅದು ಇಳಿದಿದೆ ಎಂದರೆ ಎಲ್ಲೋ ಸೋರಿದೆ, ಇಲ್ಲವೇ ಉಜ್ಜಿ ಚಕ್ರ ನಿಲ್ಲಿಸುವ ಪ್ಯಾಡ್ (ಡಿಸ್ಕ್ ಬ್ರೇಕಿನಲ್ಲಿ) ಮತ್ತು ಲೈನಿಂಗ್ (ಡ್ರಮ್ ಬ್ರೇಕಿನಲ್ಲಿ) ಸವೆದಿವೆ. ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಹಿಂದೆ ತೆರವಾದ ಜಾಗಕ್ಕೆ ಮೇಲಿನ ಡಬ್ಬಿಯ ಆಯಿಲ್ ಇಳಿದು ತುಂಬಿಕೊಳ್ಳುತ್ತದೆ. ಕೆಳಗಿನ ಗೆರೆ ಮುಟ್ಟಿದಾಗ ಮೀಟರಿನಲ್ಲಿ ಕೆಂಪು ದೀಪ ಹತ್ತುವಂತೆ ಮಾಡಿರುವುದು ನಿಮ್ಮನ್ನು ಚಕ್ರ ಬಿಚ್ಚಿಸಲಿಕ್ಕೆ. ನಿಮ್ಮ ಹುಡುಗ ದೀಪವನ್ನು ಆರಿಸಿದ, ಸವೆತ ಇದ್ದ ಹಾಗೇ ಇದೆ. ಇನ್ನೊಂದು ತೊಂದರೆಯೂ ಇದೆ. ಅಂಚಿನವರೆಗೆ ತುಂಬಿಸಿದ ಗಾಡಿಗೆ ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಡಬ್ಬಿಯಿಂದ ಆಯಿಲ್ ಉಕ್ಕಿ ಬರುತ್ತದೆ. ಪೇಂಟಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಆಗ ಬಟ್ಟೆಯಿಂದ ಉಜ್ಜಬೇಡಿ, ತಕ್ಷಣ ಧಾರಾಳವಾಗಿ ನೀರು ಸುರಿದು ತೊಳೆಯಿರಿ.

ಶೆಡ್ಡಿನ ನೆಲ ಒಣಗಿದ್ದ ಮಾತ್ರಕ್ಕೆ ಸೋರಿಲ್ಲವೆಂದು ನಂಬಬೇಡಿ. ಹಿಂದಿನ ಚಕ್ರಗಳಲ್ಲಿ ಡ್ರಮ್ ಇದ್ದರೆ ಅದರೊಳಗಿನ ವೀಲ್ ಸಿಲಿಂಡರ್ ಸೋರಿದ ಆಯಿಲ್ ಅಲ್ಲೇ ಲೈನಿಂಗ್‌ಗೆ ಹೀರಿಕೊಳ್ಳುತ್ತದೆ. ಹೊರಗೆ ಕಾಣುವುದು ಟೈರಿನ ಒಳಬದಿಯಲ್ಲಿ ಒಂದು ಒದ್ದೆ ಕಲೆ ಮಾತ್ರ. ಜೂನ್ ಬಂದರೆ ನಮ್ಮ ಕೆಸರಿನಲ್ಲಿ ಅದೂ ಕಾಣುವುದಿಲ್ಲ. ಮಳೆ ಹಿಡಿಯುವ ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ. ಪ್ಯಾಡ್ ಹೊಸದಾದರೆ ಮಟ್ಟ ತಾನಾಗಿ ಏರುತ್ತದೆ, ಆಮೇಲೆ ಕೊರತೆ ಉಳಿದರೆ ತುಂಬಿಸಿ.

ಪ್ರಶ್ನೆ (ಮಡಿಕೇರಿಯ ಚಾಲಕ): ಅಣ್ಣ, ಲೋಡ್ ಹಾಕಿಕೊಂಡು ಸಂಪಾಜೆ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಎರಡು ಮೂರು ಬಾರಿ ತುಳಿದ ಮೇಲೆ ಸ್ವಲ್ಪ ಹಿಡಿಯಿತು. ಬದಿಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮೊದಲಿನ ಹಾಗೇ ಗಟ್ಟಿಯಾಗಿತ್ತು. ಗ್ಯಾರೇಜಿನಲ್ಲಿ ತೋರಿಸಿದೆ, ಆಯಿಲ್ ಮಟ್ಟ ಸರಿಯಾಗಿದೆ, ಏನೂ ತೊಂದರೆಯಿಲ್ಲ ಎಂದರು.

ಉತ್ತರ: ತಮ್ಮ, ಮಟ್ಟ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದಿಲ್ಲವೇ, ಹಾಗೆ. ರಬ್ಬರ್ ಹೋಸ್ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಸ್ವಲ್ಪ ಸ್ವಲ್ಪವಾಗಿ ತೇವ ಸೇರುತ್ತಲೇ ಇರುತ್ತದೆ. ಟಿನ್ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡ 3.7ರಷ್ಟು ನೀರು ಬೆರೆತರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಘಾಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಡಿಸ್ಕ್ ಕಾದು, ಆ ಬಿಸಿ ಪಿಸ್ಟನ್ ದಾಟಿ ಆಯಿಲ್‌ಗೆ ಬರುತ್ತದೆ. ತೇವ ಸೇರಿದ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀನು ತುಳಿದದ್ದು ಚಕ್ರಕ್ಕೆ ತಲುಪದೆ ಗುಳ್ಳೆಯಲ್ಲೇ ಮುಗಿಯುತ್ತದೆ. ಚಹಾ ಕುಡಿಯುವಷ್ಟರಲ್ಲಿ ಆವಿ ತಣಿದು ಮತ್ತೆ ದ್ರವವಾಗುವುದರಿಂದ ಗ್ಯಾರೇಜಿಗೆ ಹೋದಾಗ ಏನೂ ಸಿಗುವುದಿಲ್ಲ.

ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದೆ ಸುಟ್ಟ ವಾಸನೆ ಬಂದಿದ್ದರೆ ಪ್ಯಾಡ್ ಕಾದಿದೆ ಎನ್ನಬಹುದಿತ್ತು. ನಿನ್ನದು ಅದಲ್ಲ. ಮೇಲಿಂದ ಮೇಲೆ ತುಂಬಿಸುವುದರಿಂದ ಇದು ವಾಸಿಯಾಗದು. ಹಳೆಯದನ್ನು ಪೂರ್ತಿ ತೆಗೆಸಿ, ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಹೊಸ ಆಯಿಲ್ ತಿಳಿಯಾಗಿ ಬರುವವರೆಗೆ ಬ್ಲೀಡ್ ಮಾಡಿಸು, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ಹರಿಸು. ಆ ಹೊತ್ತಿನಲ್ಲಿ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಬಿಟ್ಟರೆ ಗಾಳಿ ಹೊಕ್ಕು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಎಬಿಎಸ್ ಇರುವ ಗಾಡಿಗಳಲ್ಲಿ ಕೆಲವಕ್ಕೆ ಕಂಪನಿಯ ಸ್ಕ್ಯಾನರ್ ಜೋಡಿಸಿಯೇ ಈ ಕೆಲಸ ಮಾಡಬೇಕಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎನ್ನುತ್ತಾರೆ. ಘಾಟಿ ಓಡುವ ಗಾಡಿಗೆ ಆ ಗಡುವನ್ನು ಒಂದು ತಿಂಗಳೂ ಮುಂದೂಡಬೇಡ.

ಅದೇ ಚಾಲಕ: ಸರಿ ಅಣ್ಣ. ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್‌ನಲ್ಲಿ ಇಳಿಸುತ್ತಿದ್ದೆ, ಅದೂ ಕಾರಣವೇ?

ಉತ್ತರ: ಅದೇ ಮುಖ್ಯ ಕಾರಣ! ಕಾಮನ್ ರೈಲ್ ಎಂಜಿನ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಎಂಜಿನ್) ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸಿಂಪಡಣೆಯನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಡೀಸೆಲ್ ಉರಿಯುತ್ತಲೇ ಇರಬೇಕು. ಹಾಗಾಗಿ ಉಳಿತಾಯವೂ ಇಲ್ಲ, ಎಂಜಿನ್ ಹಿಡಿತವೂ ಇಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಎಂಜಿನ್ ಆಫ್ ಮಾಡಿ ಇಳಿಸುವವರೂ ನಮ್ಮಲ್ಲಿದ್ದಾರೆ. ಆಗ ತುಳಿತಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಇಲ್ಲ, ಪವರ್ ಸ್ಟೀರಿಂಗ್‌ಗೆ ಪಂಪ್ ಇಲ್ಲ. ಅಂಥವರ ಪಕ್ಕದ ಸೀಟಿನಲ್ಲಿ ನಾನು ಕೂರುವುದಿಲ್ಲ.

ಪ್ರಶ್ನೆ (ಶನಿವಾರಸಂತೆ): ತುರ್ತು. ನಮ್ಮ ಕೆಲಸದವರು ಜೀಪಿನ ಬ್ರೇಕ್ ಡಬ್ಬಿಗೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಹಾಕಿದ್ದಾರೆ ಎಂಬ ಅನುಮಾನ. ಎರಡೂ ಹೈಡ್ರಾಲಿಕ್ ತಾನೇ ಎನ್ನುತ್ತಾರೆ.

ಉತ್ತರ: ಜೀಪನ್ನು ಅಲುಗಾಡಿಸಬೇಡಿ, ಪೆಡಲ್ ಮುಟ್ಟಬೇಡಿ. ಮೊದಲು ಅನುಮಾನ ಬಗೆಹರಿಸಿಕೊಳ್ಳಿ: ಡಬ್ಬಿಯ ಮೇಲ್ಪದರದಿಂದ ಸ್ವಲ್ಪ ತೆಗೆದು ಗಾಜಿನ ಲೋಟದ ನೀರಿಗೆ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ, ಟ್ರ್ಯಾಕ್ಟರ್ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ಕೆಲಸ ದೊಡ್ಡದು. ಮಾಮೂಲಿ ಬ್ರೇಕಿನ ರಬ್ಬರ್ ವಾಷರುಗಳು ಖನಿಜ ತೈಲ ತಗುಲಿದರೆ ಊದಿಕೊಳ್ಳುತ್ತವೆ. ಮೊದಲು ಬ್ರೇಕ್ ಬಿಡದೆ ಹಿಡಿಯುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಪೆಡಲ್ ತುಳಿದು ಓಡಿಸಿಯಾಗಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿತವನ್ನು ಆಯಿಲ್ ಒತ್ತಡವಾಗಿಸುವ ಭಾಗ), ವೀಲ್ ಸಿಲಿಂಡರ್, ಹೋಸ್ ಎಲ್ಲದರಲ್ಲೂ ರಬ್ಬರ್ ಇರುವ ಭಾಗವನ್ನು ಬದಲಿಸಿ, ಲೋಹದ ಪೈಪುಗಳನ್ನು ತೊಳೆಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ಚೌಕಾಸಿ ಬೇಡ. ಗ್ಯಾರೇಜಿಗೆ ಟೋ ಮಾಡಿಸಿಯೇ ತನ್ನಿ.

ಪ್ರಶ್ನೆ (ನಾಪೋಕ್ಲು, ಹೋಂಸ್ಟೇ ನಡೆಸುವವರು): ಬೆಳಗಿನ ಚಳಿಯಲ್ಲಿ ಗಾಡಿ ತಿರುಗಿಸುವಾಗ ಸ್ಟೀರಿಂಗ್ ಗುಂಯ್ ಎನ್ನುತ್ತದೆ. ಆಯಿಲ್ ಹಾಕಬೇಕೇ? ಯಾವುದು?

ಉತ್ತರ: ಅಕ್ಕ, ಮೊದಲು ಡಬ್ಬಿ ಇದೆಯೇ ನೋಡಿ. ಈಚಿನ ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ಎಲೆಕ್ಟ್ರಿಕ್, ಆಯಿಲ್ಲೇ ಇಲ್ಲ. ಇದ್ದರೆ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ತಣ್ಣಗಿರುವಾಗ ಒಂದು ಗೆರೆ, ಬಿಸಿಯಾದಾಗ ಇನ್ನೊಂದು ಗೆರೆ ಇರುತ್ತದೆ. ಬಿಸಿಯ ಗೆರೆಗೆ ತಣ್ಣಗೆ ತುಂಬಿಸಿದರೆ ಉಕ್ಕುತ್ತದೆ. ಇಲ್ಲಿ ಬ್ರೇಕ್ ಆಯಿಲ್ ಖಂಡಿತ ಸಲ್ಲದು. ಹೆಚ್ಚಿನವಕ್ಕೆ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಆದರೂ ಮುಚ್ಚಳದ ಮೇಲೆ ಬರೆದದ್ದೇ ಕೊನೆಯ ಮಾತು. ಆಯಿಲ್ ನೊರೆನೊರೆಯಾಗಿದ್ದರೆ ಪಂಪಿಗೆ ಹೋಗುವ ಹೋಸಿನ ಕ್ಲಿಪ್ ಸಡಿಲವಾಗಿ ಗಾಳಿ ಎಳೆಯುತ್ತಿದೆ. ಅತಿಥಿಗಳ ಗಾಡಿಗೆ ದಾರಿ ಬಿಡುವಾಗ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯಬೇಡಿ, ಪಂಪ್ ಬಿಸಿಯಾಗುತ್ತದೆ.

ಪ್ರಶ್ನೆ (ಸೋಮವಾರಪೇಟೆ): ಹಳೆಯ ಜೀಪಿಗೆ ಹೋದ ವರ್ಷ ಒಡೆದ ಅರ್ಧ ಟಿನ್ ಬ್ರೇಕ್ ಆಯಿಲ್ ಮನೆಯಲ್ಲಿದೆ. ಬಳಸಬಹುದೇ?

ಉತ್ತರ: ಬೇಡ. ಒಂದು ಮುಂಗಾರು ಕಂಡ ತೆರೆದ ಟಿನ್ ಅದು. 250 ಮಿಲಿಲೀಟರಿನ ಚಿಕ್ಕ ಟಿನ್ ತೆಗೆದುಕೊಳ್ಳಿ, ಉಳಿದರೆ ಗ್ಯಾರೇಜಿಗೆ ಕೊಟ್ಟುಬಿಡಿ. ಗದ್ದೆಯ ಬದಿಗೆ, ತೋಡಿಗೆ ಚೆಲ್ಲಬೇಡಿ. ವಿಲ್ಲಿಸ್ ಮಾದರಿಯ ಜೀಪಾದರೆ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ತಗಡಿನ ಕೆಳಗಿರುತ್ತದೆ. ಮುಚ್ಚಳ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದು ಬಟ್ಟೆಯಿಂದ ಒರೆಸಿ. ಒಂದು ಚಿಟಿಕೆ ಕೆಮ್ಮಣ್ಣು ಒಳಗೆ ಬಿದ್ದರೂ ವಾಷರ್ ಗೀರುತ್ತದೆ.