ರಷ್ಯಾದ ಕಾಡಿನ ಆಪ್ಟಿನಾ ಮಠಕ್ಕೆ ಹೋಗಿ ಬಂದವರು ಇದ್ದೀರಾ?

ಮೂಡಿಗೆರೆ ತೋಟದವ:
ಮಗ ಮಾಸ್ಕೋದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಮೊನ್ನೆ ಆಪ್ಟಿನಾ ಅನ್ನೋ ಆರ್ಥಡಾಕ್ಸ್ ಕ್ರೈಸ್ತ ಮಠದ ಫೋಟೊ ಕಳಿಸಿದ್ದ. ಬಿಳಿ ಗೋಡೆ, ಸುತ್ತ ಪೈನ್ ಕಾಡು. ಬೇಸಿಗೆಯಲ್ಲಿ ನಾನೂ ಮನೆಯವಳೂ ಹೋಗುತ್ತಿದ್ದೇವೆ. ಈಗಲೂ ಸನ್ಯಾಸಿಗಳು ಇದ್ದಾರಾ, ಇಲ್ಲ ಸುಮ್ನೆ ನೋಡೋ ಜಾಗವಾ? ನಮ್ಮ ಶೃಂಗೇರಿ ತರ ಪೀಠದ ಗುರುಗಳು ಇರುತ್ತಾರಾ?

ಹಾಸನದ ಮೇಷ್ಟ್ರು:
ಇದ್ದಾರೆ ಸಾರ್. ಕೊಜೆಲ್ಸ್ಕ್ ಊರಿನ ಹತ್ತಿರ, ಝಿಜ್ದ್ರಾ ನದಿ ದಡದಲ್ಲಿದೆ. ಆಪ್ಟಾ ಅನ್ನೋ ದರೋಡೆಕೋರ ಮನಸ್ಸು ತಿರುಗಿ ಕಟ್ಟಿದ್ದು ಅಂತ ಕಥೆ, ನಮ್ಮ ವಾಲ್ಮೀಕಿ ನೆನಪಾಗುತ್ತಾನೆ ಅಲ್ವಾ. ಗುರುಗಳ ವಿಷಯ ಮಾತ್ರ ಶೃಂಗೇರಿ ತರ ಅಲ್ಲ. 1821ರಲ್ಲಿ ಮಠದ ಆಚೆ ಕಾಡಿನಲ್ಲಿ ಸಣ್ಣ ಆಶ್ರಮ ಮಾಡಿದರು, ಆಮೇಲೆ ಅಲ್ಲಿದ್ದ 'ಸ್ತಾರೆತ್ಸ್', ಅಂದರೆ ಹಿರಿಯರನ್ನು ಕಾಣಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಅವರಿಗೆ ಪೀಠವಿಲ್ಲ, ಮಠದ ಆಡಳಿತ ಇನ್ನೊಬ್ಬರದು. ಆಂಬ್ರೋಸ್ ಅನ್ನೋ ಹಿರಿಯರು ಹಾಸಿಗೆ ಹಿಡಿದಿದ್ದರೂ ಜನರ ಕಷ್ಟ ಕೇಳುತ್ತಿದ್ದರು. ಒಡತಿಯ ಟರ್ಕಿ ಕೋಳಿಗಳು ಸಾಯುತ್ತಿವೆ ಅಂತ ಒಬ್ಬಳು ಅತ್ತಾಗ, ಏನು ಹಾಕ್ತೀಯ ತಿನ್ನೋಕೆ ಅಂತ ವಿಚಾರಿಸಿ ದಾರಿ ಹೇಳಿದರಂತೆ. 1878ರಲ್ಲಿ ಮಗನನ್ನು ಕಳೆದುಕೊಂಡ ಕಾದಂಬರಿಕಾರ ದಾಸ್ತೊವ್‌ಸ್ಕಿ ಬಂದದ್ದೂ ಇವರ ಹತ್ತಿರವೇ.

ಸಕಲೇಶಪುರದವಳು:
ಟಾಲ್‌ಸ್ಟಾಯ್‌ನೂ ಸೇರಿಸಿ ಮೇಷ್ಟ್ರೇ. 1910ರಲ್ಲಿ ಮನೆ ಬಿಟ್ಟವನು ಅಲ್ಲಿನ ಅತಿಥಿಗೃಹದಲ್ಲಿ ಉಳಿದ, ಆಶ್ರಮದ ಹತ್ತಿರ ಓಡಾಡಿದ, ಹಿರಿಯರನ್ನು ಮಾತ್ರ ಕಾಣದೆ ಹೋದ. ಕೆಲವೇ ದಿನಕ್ಕೆ ಒಂದು ರೈಲ್ವೆ ಸ್ಟೇಷನ್‌ನಲ್ಲಿ ತೀರಿಕೊಂಡ.

ನಾನು ಹೋಗಿದ್ದೆ. 1923ರಲ್ಲಿ ಸೋವಿಯತ್ ಸರ್ಕಾರ ಮಠ ಮುಚ್ಚಿಸಿತ್ತು, ವಿಶ್ರಾಂತಿಧಾಮ ಆಯಿತು, 1939ರಲ್ಲಿ ಪೋಲೆಂಡಿನ ಸೈನಿಕರನ್ನು ಕೂಡಿಹಾಕುವ ಕ್ಯಾಂಪ್ ಆಯಿತು. 1987ರಲ್ಲಿ ವಾಪಸ್ ಕೊಟ್ಟಾಗ ಅರ್ಧ ಪಾಳು ಬಿದ್ದಿತ್ತಂತೆ. ಈಗ ನೋಡಿದರೆ ನಂಬೋಕಾಗಲ್ಲ. ದಿನಾ ಪೂಜೆ, ಆಮೇಲೆ ಎಲ್ಲರಿಗೂ ಒಂದೊಂದು ಕೆಲಸ, ತೋಟ, ಹಸು, ಬ್ರೆಡ್ ಸುಡೋದು. 1993ರ ಈಸ್ಟರ್ ಬೆಳಿಗ್ಗೆ ಕೊಲೆಯಾದ ಮೂವರು ಸನ್ಯಾಸಿಗಳ ಸಮಾಧಿ ಮುಂದೆ ಜನ ಸಾಲು ನಿಂತಿರುತ್ತಾರೆ, ಅಲ್ಲಿ ಯಾರೂ ಜೋರಾಗಿ ಮಾತಾಡಲ್ಲ.

ಪೂಜೆ ಗಂಟೆಗಟ್ಟಲೆ, ನಿಂತೇ ಇರಬೇಕು, ಮಂಡಿ ನೋವಿದ್ದರೆ ಯೋಚಿಸಿ. ಹೆಂಗಸರು ತಲೆ ಮುಚ್ಚಬೇಕು, ಗಂಡಸರು ಟೋಪಿ ತೆಗೀಬೇಕು. ಆ ಕಾಡಿನ ಆಶ್ರಮದೊಳಗೆ ನಮಗೆ, ಅಂದರೆ ಹೆಂಗಸರಿಗೆ, ಪ್ರವೇಶವಿಲ್ಲ. ಹಾಗಾಗಿ ಆಂಬ್ರೋಸ್ ಅವರ ಕುಟೀರಕ್ಕೆ ಗೋಡೆಯ ಹೊರಗಿನಿಂದಲೇ ಹೆಂಗಸರಿಗೆ ಬೇರೆ ಬಾಗಿಲು ಇತ್ತು. ನಾನು ಹೊರಗೇ ನಿಂತು ಬಂದೆ, ಸ್ವಲ್ಪ ಬೇಜಾರಾಯಿತು ಬಿಡಿ.

ಮೂಡಿಗೆರೆ ತೋಟದವ:
ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮವಳು ಕೇಳ್ತಿದ್ದಾಳೆ, ಸೀರೆ ಸೆರಗು ಹೊದ್ದುಕೊಂಡರೆ ಸಾಕಾ, ಸ್ಕಾರ್ಫೇ ಬೇಕಾ? ಚಪ್ಪಲಿ ಹೊರಗೆ ಬಿಡಬೇಕಾ?

ಸಕಲೇಶಪುರದವಳು:
ಸೆರಗು ಸಾಕು. ಚಪ್ಪಲಿ ಬಿಡಬೇಕಿಲ್ಲ, ನನಗಂತೂ ಹಾಕ್ಕೊಂಡೇ ಒಳಗೆ ಹೋಗೋಕೆ ಏನೋ ಕಸಿವಿಸಿ ಆಯಿತು.