ಗುಂಡೇಟು ಬಿದ್ದ ಚಿಗರಿ (ಕೃಷ್ಣಮೃಗ) ನಡಿಗೆ ನೋಡಿ ಪೆಟ್ಟು ಎಲ್ಲಿ ಅಂತ ಹೆಂಗ ತಿಳಿಯೋದು?

ಎರಿಹೊಲ (ಚಿಂಚೋಳಿ):

ತೊಗರಿ ಕಾಯಲಿಕ್ಕೆ ರಾತ್ರಿ ಹೊಲದಾಗ ಇರೋ ಮಂದಿಗೆ ಒಮ್ಮೊಮ್ಮೆ ದೂರದಾಗ ಗುಂಡಿನ ಸಪ್ಪಳ ಕೇಳಿಸ್ತದ. ಬೆಳಕು ಹರಿದ ಮ್ಯಾಲ ನೋಡಿದ್ರ ಹಿಂಡಿನಾಗಿನ ಒಂದು ಚಿಗರಿ ನಡಿಗೀನೇ ಬ್ಯಾರೆ ಇರ್ತದ. ಅರಣ್ಯ ಇಲಾಖೆಯವರು, ಪಶು ಡಾಕ್ಟರು ಬರಲಿಕ್ಕೆ ತಾಸು ಎರಡು ತಾಸು ಹಿಡೀತದ. ಅಲ್ಲೀತನಕ ನೋಡಿದವರು ಅವರಿಗೆ ಏನು ಹೇಳಬೇಕು? ಪೆಟ್ಟು ಕಾಲಿಗೋ ಹೊಟ್ಟಿಗೋ, ಎಷ್ಟು ದೂರ ಹೋದೀತು, ಹಿಂದ ಹೋಗಬೇಕೋ ಬ್ಯಾಡೋ? ಯೂಟ್ಯೂಬಿನಾಗ ಸಿಗೋದೆಲ್ಲ ಅಮೆರಿಕದ ಬೇಟೆಗಾರರ ವಿಡಿಯೋ. ಬಾಲ ಕೆಳಗ ಒತ್ತಿಕೊಂಡು ಓಡಿದ್ರ ಪೆಟ್ಟು ಬಿದ್ದದ ಅಂತ ಅವರು ಹೇಳ್ತಾರ. ನಮ್ಮ ಚಿಗರಿಗೆ ಅದು ಹೊಂದ್ತದೇನು? ಇನ್ನೊಂದು, ಎರಿ ಮಣ್ಣಿನಾಗ ರಕ್ತದ ಹನಿ ಕಾಣೋದೇ ಇಲ್ಲ. ಎಲ್ಲಿ ಹುಡುಕಬೇಕು?

ಹೆಜ್ಜೆಜಾಡು (ಔರಾದ್):

ಬಾಲದ ಮಾತು ಮೊದಲು ಬಿಡ್ರಿ. ಅದು ಅಮೆರಿಕದ ಬಿಳಿಬಾಲದ ಜಿಂಕೆಗೆ ಹೇಳಿದ್ದು. ಗಾಬರಿಯಾದಾಗ ಅದು ಬಾಲ ಎತ್ತಿ ಬಿಳಿ ಬಣ್ಣ ತೋರಿಸ್ತದ, ಹಂಗಾಗಿ ಎತ್ತದಿದ್ದರ ಅರ್ಥ ಇರ್ತದ. ಚಿಗರಿ ಬಾಲ ಗಿಡ್ಡ, ದೂರದಿಂದ ಅದರಾಗ ಓದೋದು ಏನೂ ಇಲ್ಲ. ಚಿಗರಿಯಲ್ಲಿ ನೋಡಬೇಕಾದದ್ದು ನೆಗೆತ. ಬೆದರಿದ ಹಿಂಡಿನಾಗ ಮೊದಲು ಒಂದು ನೆಟ್ಟಗೆ ಮ್ಯಾಲಕ್ಕೆ ಚಿಮ್ಮತದ, ಉಳಿದವೂ ಚಿಮ್ಮತಾವ, ಆಮೇಲೆ ಓಟ. ಪೆಟ್ಟು ತಿಂದದ್ದು ಚಿಮ್ಮೋದಿಲ್ಲ, ನೆಲಕ್ಕೆ ತಗ್ಗಿ ಓಡ್ತದ ಇಲ್ಲಾ ಹಿಂದ ಬೀಳ್ತದ. ಇದಕ್ಕಿಂತ ದೊಡ್ಡ ಗುರುತು ಹಿಂಡು ಬಿಡೋದು. ಬಯಲ ಪ್ರಾಣಿಗೆ ಹಿಂಡೇ ರಕ್ಷಣೆ, ಸುಮ್ಮಸುಮ್ಮನೆ ಬಿಡೋದಿಲ್ಲ. ತನ್ನ ಜಾಗ ಕಾಯೋ ಕರಿ ಗಂಡು ಮತ್ತು ಮರಿ ಹಾಕಲಿಕ್ಕೆ ಬಂದ ಹೆಣ್ಣು ಮಾತ್ರ ಒಂಟಿ ನಿಲ್ತಾವ, ಅವನ್ನ ಗಾಯಾಳು ಅಂತ ತಿಳೀಬ್ಯಾಡ್ರಿ.

ಗುಂಡು ಬಿದ್ದ ಕ್ಷಣ ಕಂಡಿದ್ದರ ಅದೇ ಮುಖ್ಯ ಸಾಕ್ಷಿ. ಹೃದಯಕ್ಕೋ ಪುಪ್ಪುಸಕ್ಕೋ ಬಿದ್ದರ ಮುಂದಕ್ಕೆ ಜಿಗಿದು ಹುಚ್ಚು ಓಟ ಓಡ್ತದ, ಸಾಮಾನ್ಯವಾಗಿ ನೂರು ಇನ್ನೂರು ಮೀಟರಿನೊಳಗ ಕುಸಿತದ. ಅದನ್ನ ಉಳಿಸಲಿಕ್ಕೆ ಯಾರಿಂದಲೂ ಆಗೋದಿಲ್ಲ. ಹೊಟ್ಟಿಗೆ ಬಿದ್ದರ ಬೆನ್ನು ಬಾಗಿಸಿ, ನಾಲ್ಕೂ ಕಾಲು ಒಳಗೆ ಎಳಕೊಂಡು, ಸ್ವಲ್ಪ ಓಡಿ ಆಮೇಲೆ ನಡೀಲಿಕ್ಕೆ ಸುರು ಮಾಡ್ತದ, ನಿಲ್ತದ, ತಲಿ ತಗ್ಗಿಸ್ತದ, ಮಲಗಿ ಮತ್ತೆ ಏಳ್ತದ. ಮುಂಗಾಲು ಮುರಿದರ ಪ್ರತಿ ಹೆಜ್ಜೆಗೂ ಎದಿ ಕೆಳಗ ಬಿದ್ದಂಗ ಕಾಣ್ತದ, ಆದರೂ ಮೂರು ಕಾಲಿನ ಮ್ಯಾಲ ಬಹಳ ದೂರ ಓಡಬಲ್ಲದು.

ಭಾಳ ಮಂದಿ ಮೋಸ ಹೋಗೋದು ಗುಂಡಿಗೆ ಅಲ್ಲೇ ಧೊಪ್ಪನೆ ಬೀಳೋ ಪ್ರಾಣಿಯಲ್ಲಿ. ಬೆನ್ನುಹುರಿ ಕಡಿದಿದ್ದರ ಅದು ಏಳೋದಿಲ್ಲ, ಮುಂದಿನ ಕಾಲಿನಿಂದ ಎಳೀತಿರ್ತದ. ಆದರ ಗುಂಡು ಬೆನ್ನೆಲುಬಿನ ಮ್ಯಾಲಿನ ಮುಳ್ಳೆಲುಬು ಸವರಿ ಹೋದರೂ ಹಂಗೇ ಬೀಳ್ತದ, ಆ ಅದುರಿಗೆ ನರ ಮರಗಟ್ಟಿರ್ತಾವ. ಅರ್ಧ ನಿಮಿಷ, ಎರಡು ನಿಮಿಷ, ಎದ್ದು ಏನೂ ಆಗದಂಗ ಓಡ್ತದ. ಸತ್ತದ ಅಂತ ಕೊಂಬು ಹಿಡೀಲಿಕ್ಕೆ ಹೋದವರಿಗೆ ತಿವಿತ ಗ್ಯಾರಂಟಿ. ಹತ್ತಿರ ಹೋಗಲೇಬೇಕಾದ್ರ ಬೆನ್ನಿನ ಕಡೆಯಿಂದ ಹೋಗ್ರಿ, ಉದ್ದ ಕೋಲಿನಿಂದ ಕಣ್ಣಿನ ಗುಡ್ಡಿ ಮುಟ್ಟಿ ನೋಡ್ರಿ. ರೆಪ್ಪೆ ಮಿಸುಕಿದ್ರ ಜೀವ ಅದ.

ಇನ್ನು ಎರಿ ಮಣ್ಣು. ಒಣ ನೆಲದಾಗ ಹನಿ ಬಿರುಕಿಗೆ ಇಳೀತದ, ಉಳಿದದ್ದು ಕರಿ ಬಣ್ಣದಾಗ ಕರಗ್ತದ. ನೆಲ ನೋಡಬ್ಯಾಡ್ರಿ. ಜೋಳದ ಕೂಳಿ, ತೊಗರಿ ಎಲಿ, ಒಡ್ಡಿನ ಮ್ಯಾಲಿನ ಹುಲ್ಲು, ಬಿಳಿ ಕಲ್ಲು ನೋಡ್ರಿ. ಚಿಗರಿ ಭುಜದ ಎತ್ತರ ಎಪ್ಪತ್ತೈದು ಎಂಬತ್ತು ಸೆಂಟಿಮೀಟರ್, ಹಂಗಾಗಿ ಮೈಗೆ ಪೆಟ್ಟಾಗಿದ್ದರ ರಕ್ತ ಮೊಣಕಾಲಿಗಿಂತ ಮ್ಯಾಲ ದಂಟಿಗೆ ಸವರಿರ್ತದ, ಕಾಲಿನ ಗಾಯ ಆದ್ರ ಕೆಳಗಷ್ಟೇ. ಮುಂಜಾನಿ ಅಥವಾ ಸಂಜಿ ಓರೆ ಬಿಸಿಲಿನಾಗ ಸೂರ್ಯನ ಕಡೆ ಮುಖ ಮಾಡಿ ನೋಡಿದರ ಹಸಿ ರಕ್ತ ಹೊಳೀತದ. ಹೈಡ್ರೋಜನ್ ಪೆರಾಕ್ಸೈಡ್ 3% ಸ್ಪ್ರೇ ಹೊಡೆದರ ರಕ್ತ ನೊರೆ ಬರ್ತದ ಖರೆ, ಆದರ ಅದು ಮಣ್ಣಿನಾಗೂ ನೊರೆ ಕೊಡ್ತದ, ಜಜ್ಜಿದ ಎಲಿ ಮ್ಯಾಲೂ ಕೊಡ್ತದ. ಕಲ್ಲು, ಒಣ ದಂಟಿನ ಮ್ಯಾಲಷ್ಟೇ ನಂಬ್ರಿ.

ಬಣ್ಣದ ಲೆಕ್ಕ ಹೀಂಗ. ಗುಲಾಬಿ ನೊರೆ ಅಂದ್ರ ಪುಪ್ಪುಸ. ನೊರೆ ಇಲ್ಲದ ತಿಳಿ ಕೆಂಪು ಅಂದ್ರ ಮಾಂಸಖಂಡ ಇಲ್ಲಾ ಕಾಲು, ಇದು ಮೊದಲು ಭಾಳ ಸುರಿದು ಆಮೇಲೆ ನಿಲ್ತದ. ದಟ್ಟ ಕಂದುಗೆಂಪು ಲಿವರ್. ಹಸಿರು ಕಂದು ನೀರು, ಅಗಿದ ಹುಲ್ಲಿನ ಚೂರು, ಹುಳಿ ವಾಸನಿ ಅಂದ್ರ ಹೊಟ್ಟಿ. ಕೂದಲೂ ಹೆಕ್ಕಿ ನೋಡ್ರಿ, ಬಿಳಿ ಕೂದಲು ಭಾಳ ಬಿದ್ದಿದ್ದರ ಪೆಟ್ಟು ಕೆಳಹೊಟ್ಟಿಗೆ ಇಲ್ಲಾ ಕಾಲಿನ ಒಳಮಗ್ಗುಲಿಗೆ. ರಕ್ತ ಇಲ್ಲ ಅಂದ್ರ ಗುಂಡು ತಪ್ಪ್ಯದ ಅಂತ ಅಲ್ಲ. ಎದಿಯ ಮ್ಯಾಲ್ಭಾಗಕ್ಕೆ ಹೊಕ್ಕು ಆಚೆ ಬರದಿದ್ದರ ರಕ್ತ ಒಳಗೇ ತುಂಬತದ, ಮೊದಲ ನಲವತ್ತು ಐವತ್ತು ಮೀಟರ್ ಒಂದು ಹನಿಯೂ ಸಿಗಲಿಕ್ಕಿಲ್ಲ.

ಪಶುವೈದ್ಯ (ಬೀದರ್):

ಮೇಲಿನ ವಿವರಕ್ಕೆ ಒಂದು ಸೇರಿಸುತ್ತೇನೆ. ಮೆಲುಕು ಹಾಕುವ ಪ್ರಾಣಿಯಲ್ಲಿ ರೂಮೆನ್ (ಮೇವು ಮೊದಲು ಇಳಿಯುವ ದೊಡ್ಡ ಹೊಟ್ಟೆ) ಎಡಭಾಗವನ್ನೆಲ್ಲ ತುಂಬಿಕೊಂಡಿರುತ್ತದೆ, ಲಿವರ್ ಬಲಕ್ಕೆ ಸರಿದಿರುತ್ತದೆ. ಆದ್ದರಿಂದ ಗಾಯ ಎಡಮಗ್ಗುಲಲ್ಲೋ ಬಲಮಗ್ಗುಲಲ್ಲೋ ಎಂದು ನೋಡಿ ಹೇಳಿದರೆ ನಮಗೆ ಅರ್ಧ ಕೆಲಸ ಆದಂತೆ.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಒಂದು ಕಾಯುವ ಲೆಕ್ಕವಿದೆ: ಎದೆಗೆ ಬಿದ್ದರೆ ಅರ್ಧ ಗಂಟೆ, ಲಿವರ್ ಆದರೆ ಮೂರು ನಾಲ್ಕು ಗಂಟೆ, ಹೊಟ್ಟೆಗೆ ಬಿದ್ದರೆ ಆರೆಂಟು ಗಂಟೆ ಬಿಟ್ಟು ಜಾಡು ಹಿಡಿಯುತ್ತಾರೆ. ಪ್ರಾಣಿ ಮಲಗಿದಲ್ಲೇ ಸಾಯಲಿ ಎಂಬುದು ಅದರ ಉದ್ದೇಶ. ನಮ್ಮ ಉದ್ದೇಶ ಅದಕ್ಕೆ ತದ್ವಿರುದ್ಧ. ಗುರುತುಗಳು ಅವೇ, ಗಡಿಯಾರ ಬೇರೆ. ರೂಮೆನ್ ಒಡೆದರೆ ಒಳಗಿನದ್ದು ಹೊಟ್ಟೆಯ ಪೊರೆಗೆ ಚೆಲ್ಲಿ ಸೋಂಕು ಏರುತ್ತದೆ, ಪ್ರತಿ ಗಂಟೆಯೂ ನಷ್ಟ. ಹಾಗೆಂದು ಬೆನ್ನಟ್ಟಬಾರದು. ಅಟ್ಟದಿದ್ದರೆ ಹೊಟ್ಟೆಯ ಗಾಯದ ಚಿಗರಿ ಕೆಲವು ನೂರು ಮೀಟರಿನಲ್ಲೇ ತೊಗರಿ ಸಾಲಿನೊಳಗೆ ಮಲಗುತ್ತದೆ, ಅಟ್ಟಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಇಬ್ಬರು ಇನ್ನೂರು ಮೀಟರ್ ದೂರದಲ್ಲಿ, ಗಾಳಿ ಪ್ರಾಣಿಯ ಕಡೆಯಿಂದ ತಮ್ಮ ಕಡೆಗೆ ಬೀಸುವಂತೆ ಕೂತು ಕಣ್ಣಿಡಲಿ, ಮೂರನೆಯವರು ಫೋನ್ ಮಾಡಲಿ. ಊರ ನಾಯಿಗಳನ್ನು ತಡೆಯುವುದು ಇದಕ್ಕಿಂತ ತುರ್ತು. ಮಳೆಗಾಲದ ಎರೆ ಕೆಸರಲ್ಲಿ ಚಿಗರಿಯ ಗೊರಸು ಹೂತುಹೋಗಿ ಓಟ ನಿಲ್ಲುತ್ತದೆ, ನಾಯಿಗೆ ಹಾಗಾಗುವುದಿಲ್ಲ.

ಬೆನ್ನಟ್ಟಿ ಹಿಡಿದ ಚಿಗರಿ ಗಾಯದಿಂದಲ್ಲ, ಓಟ ಮತ್ತು ಭಯದಿಂದ ಸಾಯುತ್ತದೆ. ಸ್ನಾಯುಗಳು ಕರಗುತ್ತವೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಹಿಡಿದ ದಿನ ಚೆನ್ನಾಗಿ ಕಂಡದ್ದು ಕೆಲವು ದಿನ ಬಿಟ್ಟು ಸಾಯಬಹುದು. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅಪಾಯ. ಪ್ರಾಣಿ ತಾನಾಗಿಯೇ ಕುಸಿದು ಬಿದ್ದಿದ್ದರೆ ಮಾತ್ರ ಕೈ ಹಚ್ಚಿ: ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ, ನೆರಳು, ಮೈಮೇಲೆ ನೀರು. ಪಕ್ಕಕ್ಕೆ ಮಲಗಿಸಿ ನಾಲ್ಕು ಕಾಲು ಕಟ್ಟಬೇಡಿ, ಹೊಟ್ಟೆ ಉಬ್ಬಿ ಉಸಿರು ಸಿಕ್ಕಿಕೊಳ್ಳುತ್ತದೆ. ಎದೆಯ ಮೇಲೆ ಕೂರಿಸಿ, ತಲೆ ಎತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಕಾಲಿನಿಂದ ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ. ಅರಿಶಿನ, ಸೀಮೆಎಣ್ಣೆ ಏನೂ ಬೇಡ.

ಕಾಯ್ದೆಮಾತು (ಯಾದಗಿರಿ):

ಅರಣ್ಯ ಇಲಾಖೆ ಸಹಾಯವಾಣಿ 1926, ಅದು ಸಿಗದಿದ್ದರೆ 112. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಬೇಟೆಗೆ ಮೂರರಿಂದ ಏಳು ವರ್ಷ ಜೈಲು. ಸತ್ತಿದ್ದರೂ ಅದು ಸರ್ಕಾರದ ಆಸ್ತಿ. ಕೊಂಬು, ತೊಗಲು, ಮಾಂಸ ಯಾವುದನ್ನೂ ಮನೆಗೆ ಒಯ್ಯುವಂತಿಲ್ಲ. ಖಾಲಿ ತೋಟಾ, ಬೈಕ್ ಗಾಲಿ ಗುರುತು, ಚಪ್ಪಲಿ ಗುರುತು ಕಂಡರೆ ತುಳಿಯದೆ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅದರ ಅಗಲ 27 ಮಿಲಿಮೀಟರ್, ಅಳತೆ ಸಿಗುತ್ತದೆ. ಮೊದಲು ಕಂಡ ಹೊತ್ತು, ಓಡಿದ ದಿಕ್ಕು, ಕೊನೆಗೆ ಕಂಡ ಜಾಗ, ಈ ಮೂರನ್ನು ಆಗಲೇ ಬರೆದಿಡಿ. ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಜಾಗ ಗೊತ್ತಾದರೆ ಮಂದಿ ಸೇರುತ್ತದೆ, ಗುಂಡು ಹೊಡೆದವನಿಗೂ ಸುದ್ದಿ ಮುಟ್ಟುತ್ತದೆ.

ಎರಿಹೊಲ (ಚಿಂಚೋಳಿ):

ಎಲ್ಲಾರಿಗೂ ಧನ್ಯವಾದ. ಒಂದೇ ಒಂದು ಉಳೀತು. ನಾಡ ಬಂದೂಕಿನ ಛರ್ರಾ (ಸಣ್ಣ ಸಣ್ಣ ಸೀಸದ ಕಾಳು) ಬಿದ್ದಿದ್ದರ? ಹನಿ ಇರೋದಿಲ್ಲ, ಕೂದಲು ಇರೋದಿಲ್ಲ, ಬರೇ ಕುಂಟತಿರ್ತದ.

ಹೆಜ್ಜೆಜಾಡು (ಔರಾದ್):

ಛರ್ರಾ ತಿಂದದ್ದು ಗುಂಡಿನ ಸಪ್ಪಳಕ್ಕೆ ಬೆದರಿ ಹಿಂಡಿನ ಜೋಡಿನೇ ಓಡ್ತದ, ಬ್ಯಾರೆ ಗುರುತು ಕಾಣೋದು ಮರುದಿನ. ತೂತು ಸಣ್ಣದು, ಕೂದಲು ಮುಚ್ಚಿಬಿಡ್ತದ. ಮೇಯೋದು ಬಿಟ್ಟು ನಿಲ್ಲೋದು, ಒಂದೇ ಜಾಗ ಮತ್ತೆ ಮತ್ತೆ ನೆಕ್ಕೋದು, ಅಲ್ಲಿ ನೊಣ ಮುತ್ತೋದು ನೋಡ್ರಿ. ದುರ್ಬೀನಿನಾಗ ಹುಳ ಕಂಡ್ರ ಗಾಯಕ್ಕೆ ಹತ್ತಿರಹತ್ತಿರ ಒಂದು ದಿನ ಆದರೂ ಆಗ್ಯದ ಅಂತ ಲೆಕ್ಕ. ಕುಂಟೋದೆಲ್ಲ ಛರ್ರಾ ಅಲ್ಲ ಅನ್ನೋದೂ ನೆನಪಿರಲಿ. ಬೆದೆ ಕಾಲದಾಗ, ಅಂದ್ರ ಆಗಸ್ಟ್‌ನಿಂದ ಅಕ್ಟೋಬರ್ ಮತ್ತು ಮಾರ್ಚ್ ಏಪ್ರಿಲ್‌ನಾಗ, ಗಂಡುಗಳು ಕೊಂಬು ಹೂಡಿ ಕಾದಾಡಿ ಕುಂಟತಾವ. ಆ ಗಾಯ ಕುತ್ತಿಗಿ, ಭುಜ, ಮುಖದ ಕಡೆ ಇರ್ತದ. ಹೆಣ್ಣು ಕುಂಟಿದ್ರ, ಗಾಯ ಮಗ್ಗುಲಿಗೋ ಹಿಂದೊಡಿಗೋ ಇದ್ರ, ತಂತಿ ಬೇಲಿ, ಬಂದೂಕು, ನಾಯಿ ಈ ಮೂರರ ಮ್ಯಾಲ ಅನುಮಾನ ಇಡ್ರಿ.

ಪಶುವೈದ್ಯ (ಬೀದರ್):

ಛರ್ರಾ ಇದೆಯೋ ಇಲ್ಲವೋ ಎಂಬುದನ್ನು ಎಕ್ಸ್‌ರೇ ಮಾತ್ರ ಹೇಳುತ್ತದೆ, ಸೀಸ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಓಡಾಡಿ ಮೇಯುತ್ತಿರುವ ಪ್ರಾಣಿಯನ್ನು ಬರೀ ಆ ಅನುಮಾನಕ್ಕೆ ಹಿಡಿಯಬಾರದು, ಹಿಡಿಯುವುದರ ಅಪಾಯವೇ ದೊಡ್ಡದು. ಎರಡು ಮೂರು ದಿನ ದೂರದಿಂದ ನೋಡಿ. ಮೇವು ಬಿಟ್ಟರೆ, ಹಿಂಡಿನಿಂದ ದೂರವಾದರೆ, ಮಲಗಿದ್ದು ಮನುಷ್ಯ ಐವತ್ತು ಮೀಟರ್ ಹತ್ತಿರ ಬಂದರೂ ಏಳದಿದ್ದರೆ ಅರಿವಳಿಕೆ ಡಾರ್ಟ್ ಇರುವ ತಂಡವನ್ನೇ ಕೇಳಿ ಕರೆಸಿ.