ಹಂದಿ ಫಾರಂನ ‘ಲಗೂನ್’: ಕನ್ನಡದಲ್ಲಿ ಏನೆನ್ನಬಹುದು?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಅತಿದೊಡ್ಡ ಹಂದಿಮಾಂಸ ಉತ್ಪಾದಕ ಸಂಸ್ಥೆಯಾದ ಸ್ಮಿತ್‌ಫೀಲ್ಡ್ ಫುಡ್ಸ್‌ನ ಪರಿಸರ ಕಾರ್ಯಕ್ರಮಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ‘ಸುಸ್ಥಿರತೆ’, ‘ಹಸಿರುಮನೆ ಅನಿಲ’ ಮೊದಲಾದವು ಪತ್ರಿಕೆಗಳಲ್ಲಿ ಈಗಾಗಲೇ ಬಳಕೆಗೆ ಬಂದಿರುವುದರಿಂದ ಅವುಗಳಲ್ಲಿ ತೊಡಕಿಲ್ಲ. ತೊಡಕಿರುವುದು ‘ಲಗೂನ್’ ಎಂಬಲ್ಲಿ.

ಭೂಗೋಳದ ಪಾಠದಲ್ಲಿ ಚಿಲಿಕಾ ಸರೋವರವನ್ನು ಲಗೂನ್ ಎಂದು ಓದಿದವರಿಗೆ ಅದು ಕಡಲಂಚಿನ ಉಪ್ಪುನೀರಿನ ಹರವು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಹಂದಿ ಫಾರಂಗಳಲ್ಲಾದರೋ, ಕೊಟ್ಟಿಗೆಯ ನೆಲದಲ್ಲಿ ಬಿಟ್ಟ ಸಂದುಗಳಿಂದ ಕೆಳಗಿಳಿದ ಮಲಮೂತ್ರವು ಕೊಳವೆಯಲ್ಲಿ ಹರಿದು ಸೇರುವ, ಹೊರಗೆ ತೋಡಿದ ವಿಶಾಲವಾದ ತೆರೆದ ಹೊಂಡಕ್ಕೆ ಆ ಹೆಸರು. ಒಂದು ಬಗೆಯ ಬ್ಯಾಕ್ಟೀರಿಯಾದಿಂದಾಗಿ ಅದರ ನೀರು ಎಷ್ಟೋ ಕಡೆ ನಸುಗೆಂಪಾಗಿರುತ್ತದೆ; ಮೇಲೆ ನಿಂತ ದ್ರವವನ್ನು ಪಕ್ಕದ ಹೊಲಗಳಿಗೆ ಪಂಪಿನಿಂದ ಚಿಮ್ಮಿಸುತ್ತಾರೆ. 2018ರ ಫ್ಲಾರೆನ್ಸ್ ಚಂಡಮಾರುತದಲ್ಲಿ ಇಂಥ ಹಲವು ಹೊಂಡಗಳು ತುಂಬಿ ಹರಿದವು.

ಹಸಿರುಮನೆ ಅನಿಲಗಳನ್ನು 2025ರೊಳಗೆ ಶೇ. 25ರಷ್ಟು ತಗ್ಗಿಸುವುದಾಗಿ 2016ರಲ್ಲಿ ಹೇಳಿದ ಸಂಸ್ಥೆಯು, 2018ರಲ್ಲಿ ಡೊಮಿನಿಯನ್ ಎನರ್ಜಿ ಎಂಬ ಇಂಧನ ಕಂಪನಿಯೊಡನೆ ಸೇರಿ, ಈ ಮಲಮೂತ್ರದಿಂದ ಏಳುವ ಮೀಥೇನನ್ನು ಪ್ಲಾಸ್ಟಿಕ್ ಹೊದಿಕೆಯಡಿ ಹಿಡಿದು, ಶುದ್ಧೀಕರಿಸಿ, ನೈಸರ್ಗಿಕ ಅನಿಲದ ಕೊಳವೆಜಾಲಕ್ಕೆ ಸೇರಿಸುವ ಯೋಜನೆಯನ್ನು ಪ್ರಕಟಿಸಿತು. ತತ್ವ ನಮ್ಮ ಗೋಬರ್ ಗ್ಯಾಸಿನದೇ. ಆದರೆ ಅನಿಲ ತೆಗೆದ ಮೇಲೂ ಸಾರಜನಕ ಉಳಿದೇ ಇರುತ್ತದೆ. ಉಳಿದ ದ್ರವವು ಇನ್ನೊಂದು ತೆರೆದ ಹೊಂಡಕ್ಕೆ ಹೋಗಿ, ಅಲ್ಲಿಂದ ಮತ್ತೆ ಹೊಲಕ್ಕೇ ಬೀಳುತ್ತದೆ. ನೆರೆಯವರ ಆಕ್ಷೇಪ ಇರುವುದೂ ಇಲ್ಲಿಯೇ. ಹೀಗಾಗಿ ಮುಚ್ಚಿದ್ದು, ತೆರೆದದ್ದು ಎರಡಕ್ಕೂ ‘ಲಗೂನ್’ ಎಂದೇ ಬರೆದುಬಿಟ್ಟರೆ, ಯೋಜನೆಯಿಂದ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಓದುಗರಿಗೆ ತಿಳಿಯದು.

‘ಕೊಳ’ ಎನ್ನಲು ನನಗೆ ಮನಸ್ಸಿಲ್ಲ. ಆ ಮಾತಿಗೆ ತಾವರೆಯ ನಂಟು ಹೆಚ್ಚು. ‘ತಿಪ್ಪೆಗುಂಡಿ’ ಎಂದರೆ ಒಣ ಕಸ, ಗೊಬ್ಬರ ಕಣ್ಮುಂದೆ ಬರುತ್ತದೆ. ‘ಸಗಣಿ’ ದನ, ಎಮ್ಮೆಗಳಿಗಷ್ಟೇ ಸಲ್ಲುವುದರಿಂದ ‘ಸಗಣಿ ಹೊಂಡ’ವೂ ಹೊಂದದು. ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬರುವ ರಾಡಿಗೆ ನಮ್ಮ ರೈತರು ‘ಬಗ್ಗಡ’ ಎನ್ನುವುದನ್ನು ನೆನೆದು, ತೆರೆದದ್ದಕ್ಕೆ ‘ಬಗ್ಗಡದ ಹೊಂಡ’, ಹೊದಿಕೆಯುಳ್ಳದ್ದಕ್ಕೆ ‘ಅನಿಲ ಹೊಂಡ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ನನ್ನ ಪ್ರಶ್ನೆ ಎರಡು. ‘ಬಗ್ಗಡ’ ಎಂಬುದು ಅನಿಲ ತೆಗೆದ ನಂತರ ಉಳಿಯುವುದಕ್ಕೆ ಮಾತ್ರ ಸಲ್ಲುತ್ತದೆಯೇ, ಅಥವಾ ಕೊಟ್ಟಿಗೆಯಿಂದ ನೇರವಾಗಿ ಹರಿದು ಬಂದದ್ದನ್ನೂ ಹಾಗೆನ್ನಬಹುದೇ? ಕೊಡಗು, ದಕ್ಷಿಣ ಕನ್ನಡದ ಕಡೆ ಹಂದಿ ಸಾಕುವವರು ಕೊಟ್ಟಿಗೆಯ ಹೊರಗಿನ ಇಂಥ ಹೊಂಡಕ್ಕೆ ಬಳಸುವ ಬೇರೆ ಮಾತೇನಾದರೂ ಇದೆಯೇ? ಬಲ್ಲವರು, ಸಾಧ್ಯವಾದರೆ ಬಳಕೆಯ ಒಂದು ವಾಕ್ಯದೊಡನೆ, ತಿಳಿಸಬೇಕಾಗಿ ವಿನಂತಿ.